ಎಡಭುಜ ಇಳಿದ ಕೋಟು

ಆ ಕೋಟಿಗೆ ನಾನು ತೆತ್ತದ್ದು ಒಂದು ಸ್ಟೀಲ್ ಕೊಡ, ಎರಡು ಲೋಟ. ಹಳೆ ಬಟ್ಟೆಗೆ ಕೊಡ ಕೊಡುವ ರೂಢಿ ನಮ್ಮ ದಂಧೆಯಲ್ಲಿ ಇರಲಿಲ್ಲ. ಹತ್ತು ಸೀರೆ ತಂದಿಟ್ಟರೂ ಒಂದು ಬೋಗುಣಿ, ಹೆಚ್ಚೆಂದರೆ ಮೇಲೊಂದು ತಟ್ಟೆ. ಆದರೆ ಅದು ನನ್ನ ಅಜ್ಜನ ಕಾಲದ ಕೋಟು, ಅಂಥದ್ದು ಮತ್ತೆ ಸಿಗದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾದದ್ದು ಮುಖದ ಮೇಲೂ ಕಂಡಿರಬೇಕು. ಕೋಟು ತಂದಿದ್ದ ಅಜ್ಜಿ ಕೇಳುವುದನ್ನು ಲೋಟದಿಂದ ನೇರ ಕೊಡಕ್ಕೆ ಏರಿಸಿದಳು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತಲೆಯ ಮೇಲೆ ಪಾತ್ರೆ ಬುಟ್ಟಿ ಹೊತ್ತು ಬದುಕು ಶುರುಮಾಡಿದವನು. ಹಡಗಲಿ, ಹರಪನಹಳ್ಳಿ ಕಡೆ ಊರೂರು ತಿರುಗುವಾಗ, ಹಳೆಯ ಕೋಟು, ಜರಿ ರುಮಾಲುಗಳಿಗೆ ನಾಟಕ ಕಂಪನಿಯವರೂ ಪೇಟೆಯ ಕೆಲವು ಶೋಕಿಲಾಲರೂ ಒಳ್ಳೆಯ ಬೆಲೆ ಕೊಡುತ್ತಾರೆಂದು ಕಂಡುಕೊಂಡೆ. ಬಟ್ಟೆಯ ಕಾಲ ಗುರುತಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ, ಮೋಸಹೋಗಿ ಕಲಿತೆ. ಬಟ್ಟೆಯೆಂದರೆ ನೂಲು, ಹೊಲಿಗೆ, ಗುಂಡಿ, ಅದರಾಚೆ ಏನೂ ಇಲ್ಲವೆಂದು ನಂಬಿದ್ದೆ. ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು ಎನ್ನುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ. ಅವರ ಭಯವೇ ನನ್ನ ಅನ್ನವಾಗಿತ್ತು.

ಕೋಗಳಿಯ ಆ ಅಜ್ಜಿಯ ಹೆಸರು ಗಂಗಮ್ಮ. ಕೋಟು ಅವಳ ಅಪ್ಪನದು. ಆತ ಜಮೀನು ಅಳೆಯುವ ಸಾಹೇಬರ ಹಿಂದೆ ಸರಪಳಿ ಹೊತ್ತು ತಿರುಗುತ್ತಿದ್ದ. ಆ ಭಾರಕ್ಕೆ ಎಡಭುಜ ಇಳಿದುಹೋಗಿತ್ತು. ಸಾಹೇಬರು ಕೋಟು ಹೊಲಿಸಿಕೊಟ್ಟಾಗ ದರ್ಜಿ ಆ ಮೈಗೆ ತಕ್ಕಂತೆಯೇ ಎಡಗಡೆ ಇಳಿಸಿ ಕತ್ತರಿಸಿದ್ದ. ಗಂಗಮ್ಮ ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಒಂದು ದಿನ ಕೋಟನ್ನು ಗೂಟಕ್ಕೆ ಹಾಕಿ ಗುಡೇಕೋಟೆ ಕಡೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ.

“ಇಷ್ಟು ವರ್ಷ ಇಟ್ಕಂಡು ಈಗ್ಯಾಕ ಕೊಡ್ತೀಯವ್ವಾ?” ಎಂದೆ.

“ನಾ ಸತ್ತ ಮ್ಯಾಗ ಸೊಸಿ ಇದ್ರಾಗ ಒಲಿ ಒರಸ್ತಾಳ. ನೀ ಸಂತಿ ಸಂತಿ ತಿರುಗಾಂವ. ಯಾರ ಮೈಗೆ ಕೂಡ್ತೈತೋ ಅವಗ ಕೊಡು. ಕೂಡ್ಲಿಲ್ಲಂದ್ರ ಎಷ್ಟು ರೊಕ್ಕ ಬಂದ್ರೂ ಕೊಡಬ್ಯಾಡ.”

ಹೂಂ ಎಂದೆ. ವ್ಯಾಪಾರದಲ್ಲಿ ಹೂಂ ಎನ್ನುವುದಕ್ಕೆ ಖರ್ಚಿಲ್ಲ.

ಮನೆಗೆ ತಂದು ಕೂಲಂಕಷವಾಗಿ ನೋಡಿದೆ. ಮುಚ್ಚು ಕೊರಳು, ಕೊಂಬಿನ ಗುಂಡಿ, ಕೈಯಲ್ಲಿ ಹಾಕಿದ ಕಾಜ, ಗೆರೆಗೆರೆಯ ಹತ್ತಿ ಅಸ್ತರು. ಎಲ್ಲವೂ ಹೇಳಿದ ಕಾಲಕ್ಕೆ ಸರಿಯಾಗಿತ್ತು. ಒಂದು ಮಾತ್ರ ಬಗೆಹರಿಯಲಿಲ್ಲ. ಕೊರಳ ಹತ್ತಿರ, ಎಡಗಡೆ ಅಸ್ತರಿನೊಳಗೆ, ದಪ್ಪ ದಾರದ ಒಂದು ಕುಣಿಕೆ. ದರ್ಜಿಯ ಕೆಲಸವಲ್ಲ, ಮನೆಯ ಹೊಲಿಗೆ. ಗೂಟಕ್ಕೆ ಸಿಕ್ಕಿಸಲಿಕ್ಕೆ ಎನ್ನೋಣವೆಂದರೆ ಅದಕ್ಕೆ ಬೆನ್ನ ಕಡೆ ಬೇರೆ ಪಟ್ಟಿಯಿತ್ತು.

ಎರಡು ಬೇಸಿಗೆ ಕಳೆದರೂ ಕೋಟು ಯಾರಿಗೂ ಕೂಡಲಿಲ್ಲ. ಯಾರು ತೊಟ್ಟರೂ ಎಡಗಡೆ ಜಾರುತ್ತಿತ್ತು. ನಾಟಕದವರು ಭುಜಕ್ಕೆ ಹತ್ತಿ ತುಂಬಿಸಿಕೊಳ್ಳುತ್ತೇವೆಂದರು, ಬೆಲೆ ಹೊಂದದೆ ಅದೂ ಮುರಿಯಿತು. ಕೊಟ್ಟೂರು ಸಂತೆಯಲ್ಲಿ ನನ್ನ ಪಕ್ಕ ಕಂಬಳಿ ಮಾರುತ್ತಿದ್ದ ಹನುಮಂತಪ್ಪನಿಗೆ ಅದೇ ತಮಾಷೆ. “ಲೇ, ಈ ಕೋಟಿಗೆ ಸೊಟ್ಟ ಮನುಷ್ಯಾನ್ನ ನೀನ ಹಡಿಬೇಕು ನೋಡು!”

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ, ಅದೇ ಸಂತೆಯಲ್ಲಿ, ಒಬ್ಬಾತ ಬಂದು ನಿಂತ. ನಲವತ್ತು ದಾಟಿರಲಾರ. ಕಾಲೆಲ್ಲ ಕೆಂಧೂಳು, ಎಡಭುಜ ತುಸು ಇಳಿದಿತ್ತು. ಏನೂ ಕೇಳದೆ ಕೋಟು ತೆಗೆದು ತೊಟ್ಟ. ಕೈ ಒಳಗೆ ಹಾಕಿ, ಕಣ್ಣಿಂದ ಹುಡುಕದೆ, ಆ ಕುಣಿಕೆಯನ್ನು ಒಳಗಿನ ಅಂಗಿಯ ಕೊರಳ ಗುಂಡಿಗೆ ಸಿಕ್ಕಿಸಿಕೊಂಡ. ಜಾರುವ ಕೋಟು ನಿಂತಿತು. ಆಮೇಲೆ ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. ಎಲ್ಲೂ ಒಂದು ಸುಕ್ಕಿಲ್ಲ. ನಾನು ಅಭ್ಯಾಸಬಲದಿಂದ ಬೆಲೆ ಹೇಳಿದೆ, ಅದೂ ದುಪ್ಪಟ್ಟು. ಆತ ಚೌಕಾಸಿ ಮಾಡಲಿಲ್ಲ. ನಿಧಾನವಾಗಿ ಬಿಚ್ಚಿ, ಮಡಿಸಿ, ನನ್ನ ಕೈಗಿಟ್ಟ.

“ಈಗ ಬ್ಯಾಡ್ರಿ. ಬಿಸಲೈತಿ. ಬಂದು ತೊಡ್ತೀನಿ.”

ಅಷ್ಟೇ. ಮೆಣಸಿನಕಾಯಿ ಚೀಲಗಳ ಸಾಲಿನ ಹಿಂದೆ ಹೋದ. ನಾನು ಎದ್ದು ನೋಡುವಷ್ಟರಲ್ಲಿ ಕಾಣಲಿಲ್ಲ.

“ನೋಡಿದ್ಯಾ?” ಎಂದೆ ಹನುಮಂತಪ್ಪನಿಗೆ.

“ನೋಡ್ದೆ. ಅವನ ಮೈ ಮ್ಯಾಗ ಇಟ್ಟು ಹೊಲ್ದಂಗಿತ್ತು” ಎಂದ. ಆ ದಿನ ಮತ್ತೆ ತಮಾಷೆ ಮಾಡಲಿಲ್ಲ.

ಮುಂದಿನ ವಾರ ಕೋಟು ಹಿಡಿದುಕೊಂಡೇ ಕೋಗಳಿಗೆ ಹೋದೆ, ಕುಣಿಕೆಯ ವಿಷಯ ಕೇಳಬೇಕಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಗಂಗಮ್ಮ ಅಕ್ಕಿ ಆರಿಸುತ್ತಲೇ ಕೇಳಿದಳು. “ಕೋಟು ಜಾರ್ತೈತಂತ ನಮ್ಮವ್ವ ಹಾಕಿದ್ದದು. ಹೊರಗಿನವ್ರಿಗೆ ಗೊತ್ತಿರಲಿಲ್ಲ” ಎಂದಳು. ಆತ ಹೋಗುವಾಗ ಏನೆಂದ ಎಂಬುದನ್ನು ನಾನು ಕೊನೆಗೆ ಹೇಳಿದೆ. ಮೊರದ ಮೇಲಿನ ಕೈ ನಿಂತಿತು.

“ಕೋಟು ಗೂಟಕ್ಕ ಹಾಕಿ ಹೋಗಾಗೂ ಇದನ್ನ ಅಂದಿದ್ದ ನಮ್ಮಪ್ಪ. ಬಿಸಲೈತಿ, ಬಂದು ತೊಡ್ತೀನಿ ಅಂತ.”

ಬೇಸಿಗೆಯಲ್ಲಿ ಯಾರಾದರೂ ಆಡುವ ಮಾತಿದು ಎಂದು ನಾನು ಸಮಾಧಾನ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಕೊಡದಲ್ಲಿದ್ದ ನೀರನ್ನು ಹಂಡೆಗೆ ಸುರಿದು, ಸೆರಗಿನಿಂದ ಒರಸಿ, ನನ್ನ ಮುಂದೆ ಇಟ್ಟಳು.

“ಕೋಟು ಕೊಟ್ಟು ಹೋಗಪ್ಪಾ.”

“ಕೊಡ ಇರ್ಲಿ ಬಿಡವ್ವಾ.”

“ಪುಗಸಟ್ಟೆ ಬ್ಯಾಡ. ಲೋಟ ಮಾತ್ರ ಇಟ್ಕಂತೀನಿ, ಸೊಸಿ ಒಂದು ನೆಗ್ಗಿಸ್ಯಾಳ.”

ಕೋಟನ್ನು ಅದೇ ಗೂಟಕ್ಕೆ ಹಾಕಿದಳು. ಬಾಗಿಲಿಗೆ ಎದುರಾಗಿರಲೆಂದು ಸ್ವಲ್ಪ ತಿರುಗಿಸಿ ಹಾಕಿದಳು. ಎರಡು ವರ್ಷಗಳ ಹಿಂದೆ ಅವಳೇ ಕಷ್ಟಪಟ್ಟು ಇಳಿಸಿಕೊಂಡಿದ್ದ ಕಾಯುವಿಕೆಯನ್ನು ನಾನು ಮತ್ತೆ ಹೊರಿಸಿ ಬಂದೆನೋ, ಇಲ್ಲ ಒಳ್ಳೆಯದನ್ನೇ ಮಾಡಿದೆನೋ, ಈಗಲೂ ತಿಳಿಯದು. ಆ ಮನುಷ್ಯ ಯಾರೆಂಬುದೂ ತಿಳಿಯದು. ಅದಾದಮೇಲೆ ಎಷ್ಟೋ ಸಂತೆಗಳಲ್ಲಿ ಎಡಭುಜ ಇಳಿದವರನ್ನು ಹುಡುಕಿದ್ದೇನೆ, ಸಿಕ್ಕಿಲ್ಲ.

ನೀವು ಹಳೆಯ ಕೋಟು ಕೊಳ್ಳುವವರಾದರೆ ಇಷ್ಟು ನೆನಪಿಡಿ. ಬಿಸಿ ಸೂಜಿಯನ್ನು ಗುಂಡಿಗೆ ತಾಗಿಸಿ ನೋಡಿ. ಕರಗಿದರೆ ಪ್ಲಾಸ್ಟಿಕ್, ಕೂದಲು ಸುಟ್ಟ ವಾಸನೆ ಬಂದರೆ ಕೊಂಬು. ಅಸ್ತರನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಏಕೆಂದು ತಿಳಿಯದ ಹೊಲಿಗೆಯನ್ನು ಬಿಚ್ಚಬೇಡಿ. ಮತ್ತೆ, ಎಲ್ಲರಿಗೂ ಜಾರುವ ಕೋಟು ಒಬ್ಬನ ಮೈಗೆ ಸರಿಯಾಗಿ ಕೂತರೆ, ಮೊದಲು ಅವನ ಹೆಸರು ಕೇಳಿ. ನಾನು ಬೆಲೆ ಹೇಳಿದೆ.