ಚಾರ್ಜಿಂಗ್ ಪಾಯಿಂಟಿನ ಬೋಣಿ

ಬೆಳಿಗ್ಗೆ ಏಳು ನಲವತ್ತಕ್ಕೆ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಗಳು ಇನ್ನೂ ಶಟರ್ ಎತ್ತಿರಲಿಲ್ಲ. ಬಂಡೆಮ್ಮ ತನ್ನ ಎಲೆಕ್ಟ್ರಿಕ್ ಆಟೊದ ಮೀಟರಿನ ಧೂಳನ್ನು ಸೆರಗಿನಿಂದ ಒರೆಸಿ, ಅಲ್ಲಿ ಮೂಡಿದ್ದ ಅಂಕಿ ನೋಡಿ ನಕ್ಕಳು. ನೂರಕ್ಕೆ ನೂರು. ಶಾಲೆಯಲ್ಲಿ ಯಾವ ವಿಷಯದಲ್ಲೂ ಅವಳಿಗೆ ಬಾರದ ಅಂಕ. ಈಗ ದಿನಾ ಬೆಳಿಗ್ಗೆ ಬರುತ್ತದೆ.

ನಲವತ್ತೊಂದರ ಬಂಡೆಮ್ಮ ಕಲಬುರಗಿಯಲ್ಲಿ ಆಟೊ ಹಿಡಿದು ಎರಡು ವರ್ಷವಾಯಿತು. ಅದಕ್ಕೂ ಮುಂಚೆ ಹದಿನಾರು ವರ್ಷ ಗಾರೆ ಕೆಲಸ. ಈಗ ಸೇಡಂ ರಸ್ತೆಯ ಆಸ್ಪತ್ರೆಗಳಿಂದ ಶರಣಬಸವೇಶ್ವರ ಗುಡಿ, ಗುಡಿಯಿಂದ ಸೂಪರ್ ಮಾರ್ಕೆಟ್, ಮತ್ತೆ ಆಸ್ಪತ್ರೆ. ಊರೊಳಗೆ ಗಾಡಿ ಓಡಿಸುವುದೆಂದರೆ ಊಟದ ಗಂಗಾಳದಲ್ಲಿ ಈಜಿದ ಹಾಗೆ ಎನ್ನುತ್ತಾಳೆ ಅವಳು. ಅವಳಿಗೆ ಉದ್ದನೆಯ ರಸ್ತೆ ಬೇಕಿತ್ತು.

ಆ ರಸ್ತೆ ಇವತ್ತು ಸಿಗಬಹುದಿತ್ತು. ಕಮಲಾಪುರದ ಪ್ರೌಢಶಾಲೆಗೆ ದಿನಾ ಹೋಗಿ ಬರುವ ಮೂವರು ಶಿಕ್ಷಕಿಯರು ಅವಳ ಗಾಡಿ ಹತ್ತಿದರು: ಗಣಿತದ ವಿಮಲಾಬಾಯಿ, ವಿಜ್ಞಾನದ ಸನಾ, ಕೂತ ಕೂಡಲೇ ನಿದ್ದೆ ಹೋಗುವ ಐಶ್ವರ್ಯಾ. ಹಿರಿಯಳಾದ ವಿಮಲಾಬಾಯಿ ಕರಾರನ್ನು ಇನ್ನೊಮ್ಮೆ ಹೇಳಿದಳು.

“ನೋಡು ಬಂಡೆಮ್ಮ, ಇವತ್ತು ಕರಕೊಂಡು ಹೋಗಿ, ಸಂಜಿ ಆರರೊಳಗ ವಾಪಸ್ ಮನಿ ಮುಟ್ಸಿದಿ ಅಂದ್ರ ವರ್ಷಪೂರ್ತಿ ನಿನ್ನ ಗಾಡಿನೇ. ನಡುವ ನಿಂತ್ರ, ನಾಳಿಂದ, ದಿನಾ ಬಂದು ಕೇಳೂ ಆ ಡೀಸೆಲ್ ಗಾಡಿಯವನಿಗಿ ಹೂಂ ಅಂತೀವಿ.”

“ನಿಲ್ಲಂಗಿಲ್ರಿ ಅಕ್ಕೋರ. ನಿಂತ್ರ ನಾ ಎಳಕೊಂಡು ಬರ್ತೀನಿ.”

ಲೆಕ್ಕ ಸರಳವಾಗಿತ್ತು. ಮೂವರನ್ನು ಕೂರಿಸಿಕೊಂಡು ಹೋದರೆ ಬ್ಯಾಟರಿ ಕಮಲಾಪುರ ಮುಟ್ಟುತ್ತದೆ, ಮರಳಿ ಬರಲು ಸಾಲದು. ಕಳೆದ ತಿಂಗಳು ಒಬ್ಬಳೇ ಹೋಗಿ, ಅಲ್ಲಿನ ಒಂದು ಹೋಟೆಲಿನ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದ್ದಳು. ಫ್ಯೂಸ್ ಹೋಗಿ ಗ್ರೈಂಡರ್ ನಿಂತು, ಮಾಲಕ ಅರ್ಧ ರುಬ್ಬಿದ ಉದ್ದಿನಬೇಳೆಯ ಮುಂದೆ ಎರಡು ತಾಸು ಅವಳ ಕುಲಕೋಟಿ ಜಾಲಾಡಿದ್ದ. ಆದರೆ ಈಗ ಪಟ್ಟಣ ಪಂಚಾಯಿತಿ ಬಸ್ ನಿಲ್ದಾಣದ ಪಕ್ಕ ಚಾರ್ಜಿಂಗ್ ಪಾಯಿಂಟ್ ಹಾಕಿತ್ತು. ಮೊನ್ನೆ ಫೋನು ಮಾಡಿದಾಗ ಗುಮಾಸ್ತ ಸೂಗಪ್ಪ, “ಕರೆಂಟ್ ಬಂದದ” ಎಂದಿದ್ದ. ಬಂಡೆಮ್ಮನಿಗೆ ಅಷ್ಟು ಸಾಕಾಗಿತ್ತು.

ಹೆದ್ದಾರಿಗೆ ಬಿದ್ದ ಮೇಲೆ ಸನಾ ಮುಂದಕ್ಕೆ ಬಾಗಿ ಮೀಟರಿನ ಅಂಕಿಯನ್ನು ಕ್ರಿಕೆಟ್ ಸ್ಕೋರಿನಂತೆ ಕೂಗತೊಡಗಿದಳು. ತೊಂಬತ್ತು. ಎಂಬತ್ತೆರಡು. ಎಪ್ಪತ್ತೊಂದು. ಆಮೇಲೆ ಒಂದು ಇಳಿಜಾರು ಬಂತು.

“ಅಲ್ಲಾ! ಎಪ್ಪತ್ತೆರಡಾತು! ವಿಮಲಾಬಾಯಿ, ಏರಿತು!”

ಐಶ್ವರ್ಯಾಳಿಗೆ ಎಚ್ಚರವಾಯಿತು. ಇಳಿಜಾರಿನಲ್ಲಿ ಗಾಲಿ ತಿರುಗಿದ ರಭಸವೇ ಬ್ಯಾಟರಿಗೆ ಕರೆಂಟ್ ತುಂಬುತ್ತದೆ ಎಂದು ಸನಾ ವಿವರಿಸಿದಳು. ವಿಮಲಾಬಾಯಿ ನಂಬಲಿಲ್ಲ.

“ಖರ್ಚು ಮಾಡಿದಂಗ ಜಾಸ್ತಿ ಆಗೂ ಲೆಕ್ಕ ನಾ ಇಪ್ಪತ್ತೆಂಟು ವರ್ಷದಾಗ ಒಂದ್ಸಲನೂ ಕಲಿಸಿಲ್ಲ.”

“ಇದು ನಮ್ಮ ಗಾಡಿ ಲೆಕ್ಕರಿ ಅಕ್ಕೋರ. ನಿಮ್ಮ ಪುಸ್ತಕದಾಗ ಇರಂಗಿಲ್ಲ!” ಎಂದು ಬಂಡೆಮ್ಮ ಹಾರ್ನ್ ಬಾರಿಸಿದಳು. ಎದುರಿಗೆ ಯಾರೂ ಇರಲಿಲ್ಲ. ಮುಂದಿನ ಇಳಿಜಾರಿನಲ್ಲಿ ಮೂವರು ಶಿಕ್ಷಕಿಯರೂ ಮಕ್ಕಳಂತೆ ಚೀರಿದರು. ವಿಮಲಾಬಾಯಿಯದೇ ದೊಡ್ಡ ದನಿ.

ಮೀಟರ್ ಇಪ್ಪತ್ತೇಳಕ್ಕೆ ಇಳಿದಾಗ ಕಮಲಾಪುರ ಬಂತು. ಶಿಕ್ಷಕಿಯರನ್ನು ಶಾಲೆಯಲ್ಲಿ ಇಳಿಸಿ, ಬಂಡೆಮ್ಮ ಹಾಡು ಗುನುಗುತ್ತ ಬಸ್ ನಿಲ್ದಾಣದ ಕಡೆ ಗಾಡಿ ತಿರುಗಿಸಿದಳು. ಹಾಡು ಅಲ್ಲಿಗೇ ನಿಂತಿತು.

ತಗಡಿನ ಚಾವಣಿಯ ಕೆಳಗೆ ಚಾರ್ಜಿಂಗ್ ಯಂತ್ರ ಇತ್ತು. ಅದರ ತಲೆಯ ಮೇಲೆ ಹಳದಿ ಬಟ್ಟೆಯ ಮುಸುಕು. ಮುಂದಿನ ಎರಡು ಕಂಬಗಳ ನಡುವೆ ಎದೆಯೆತ್ತರಕ್ಕೆ ಕೆಂಪು ರಿಬ್ಬನ್. ರಿಬ್ಬನ್ನಿನ ಆಚೆ, ನೆರಳಿನಲ್ಲಿ, ಕಮಲಾಪುರದ ಕೆಂಪು ಬಾಳೆಯ ಹನ್ನೊಂದು ಗೊನೆ, ಅವುಗಳ ನಡುವೆ ಮಾಲಕಿ ಭಾಗಮ್ಮ.

ಹತ್ತು ಗಂಟೆಗೆ ಬಂದ ಸೂಗಪ್ಪ ಗಾಡಿಯನ್ನೂ ಅವಳನ್ನೂ ನೋಡಿ ಕೈ ಆಡಿಸಿದ.

“ಉದ್ಘಾಟನಾ ಆಗಿಲ್ಲಬೇ. ತಾರೀಖು ಬರಬೇಕು. ಅಲ್ಲಿತನ ಯಾರೂ ಮುಟ್ಟಂಗಿಲ್ಲ.”

“ನೀವೇ ಕರೆಂಟ್ ಬಂದದ ಅಂದಿದ್ರಲ್ರಿ!”

“ಕರೆಂಟ್ ಬಂದದ ಅಂದೆ. ಶುರು ಆಗ್ಯದ ಅಂದೇನು? ಹೆಣ್ಣು ನೋಡಿ ಬಂದ್ರ ಮದಿವಿ ಆದಂಗೇನು?”

ಬಂಡೆಮ್ಮ ಮೀಟರ್ ನೋಡಿದಳು. ಇಪ್ಪತ್ತೇಳಕ್ಕೆ ಗಾಡಿ ಅರ್ಧ ದಾರಿಯನ್ನೂ ಮುಟ್ಟದು. ಸಂಜೆ ಮೂವರನ್ನು ಹೆದ್ದಾರಿಯ ಬದಿಗೆ ಇಳಿಸಿದರೆ ಉದ್ದನೆಯ ರಸ್ತೆ ಅಲ್ಲಿಗೇ ಮುಗಿಯಿತು, ಮತ್ತೆ ಊರೊಳಗಿನ ಗಂಗಾಳ.

“ಬಾಳಿಹಣ್ಣಿಗಿ ಉದ್ಘಾಟನಾ ಆಗ್ಯದೇನ್ರಿ? ಅವು ಒಳಗ ಕುಂತಾವ!”

“ಬಾಳಿಹಣ್ಣು ವಾಹನ ಅಲ್ಲ” ಎಂದ ಸೂಗಪ್ಪ. ಅವನ ಮಾತಿಗೆ ಅವನಿಗೇ ನಗು ಬಂತು, ತಡೆದುಕೊಂಡ.

ಭಾಗಮ್ಮ ಗೊನೆಗಳ ನಡುವಿನಿಂದ ಎದ್ದಳು.

“ಸೂಗಪ್ಪ, ನಿಮ್ಮಪ್ಪಂದು ಕಿರಾಣಿ ಅಂಗಡಿ ಇತ್ತಲ್ಲ. ಮುಂಜಾನಿ ಬೋಣಿಗಿ ಬಂದ ಗಿರಾಕೀನ ಒಂದಿನರ ವಾಪಸ್ ಕಳ್ಸಿದ್ನೇನು? ಬೆಂಕಿಪೊಟ್ಣ ಇಲ್ಲಂದ್ರ ಬಾಜೂ ಅಂಗಡಿಂದ ತಂದು ಕೊಡ್ತಿದ್ದ.”

“ಇದು ಮಷೀನು ಯವ್ವಾ, ಅಂಗಡಿ ಅಲ್ಲ.”

“ಕರೆಂಟ್ ಮಾರ್ತದೋ ಇಲ್ಲೋ? ಮಾರೂದಂದ ಮ್ಯಾಲ ಅಂಗಡಿನೇ. ಮೊದಲನೇ ಗಿರಾಕಿ ಕಲಬುರ್ಗಿಂದ ಬಾಗಲಿಗಿ ಬಂದಾಳ. ಆಕೀನ ಬರಿಗೈಲೆ ಕಳ್ಸು, ಈ ಡಬ್ಬಿ ಜನ್ಮಪೂರ್ತಿ ನೊಣ ಹೊಡೀತ ಕುಂದರ್ತದ. ಪಾಪ ನಿನಗ ತಟ್ತದ, ನನಗಲ್ಲ.”

ಚಹಾದ ಅಂಗಡಿಯ ಮುಂದೆ ನಿಂತಿದ್ದ ನಾಲ್ಕೈದು ಮಂದಿ ಹೌದೆಂದು ತಲೆಯಾಡಿಸಿದರು. ಸೂಗಪ್ಪ ಹನ್ನೆರಡನೆಯ ವಯಸ್ಸಿನಿಂದ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬೆಳೆದವನು. ಸರಕಾರದ ಆದೇಶವನ್ನು ಅವನು ಮರೆಯಬಲ್ಲ, ಬೋಣಿಯನ್ನು ಮರೆಯಲಾರ. ಹಣೆ ಒರೆಸಿಕೊಂಡು ಮುಖ್ಯಾಧಿಕಾರಿಗೆ ಫೋನು ಹಚ್ಚಿದ.

ಮಾತು ಮುಗಿಸಿ ಬಂದಾಗ ಅವನ ಮುಖ ಬೇರೆಯೇ ಆಗಿತ್ತು. ನಿಜವಾದ ವಾಹನಕ್ಕೆ ಒಮ್ಮೆ ಚಾರ್ಜ್ ಮಾಡಿ ತೋರಿಸದೆ ಗುತ್ತಿಗೆದಾರನ ಕೆಲಸವನ್ನು ಒಪ್ಪಿಕೊಳ್ಳುವಂತಿರಲಿಲ್ಲ. ಮೂರು ವಾರದಿಂದ ಸಾಹೇಬರು ಅಂಥ ವಾಹನಕ್ಕಾಗಿ ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ; ಸೂಗಪ್ಪನಿಗೆ ಇದು ಈಗಷ್ಟೇ ಗೊತ್ತಾಯಿತು.

“ಪ್ರಯೋಗ ಅಂತ ಬರ್ಕೋರಿ ಅಂದ್ರು ಸಾಹೇಬ್ರು. ಆದ್ರ ರಿಬ್ಬನ್ ಕತ್ತರಸಂಗಿಲ್ಲ. ಬಟ್ಟಿ ತೆಗಿಯಂಗಿಲ್ಲ. ಅವು ಉದ್ಘಾಟನಾದ್ದು.”

ರಿಬ್ಬನ್ ಕತ್ತರಿಸದೆ ಆಟೊ ಒಳಗೆ ಹೋಗುವುದು ಹೇಗೆ? ಬಿಚ್ಚಿ ಕಟ್ಟೋಣ ಎಂದರೆ ಗಂಟು ಹಾಕಿದವನು ಜೇನುಗೂಡಿನಂತೆ ಹಾಕಿದ್ದ. ಮೊದಲು ಹನ್ನೊಂದು ಗೊನೆಗಳು ಕೈಯಿಂದ ಕೈಗೆ ದಾಟಿ ಹೊರಗೆ ಬಂದವು. ದಾರಿಯಲ್ಲಿ ಕೆಲವು ಹಣ್ಣು ಹೊಟ್ಟೆಗೂ ದಾಟಿದವು, ಭಾಗಮ್ಮ ಬೈದಳು. ಆಮೇಲೆ ಅವಳೇ ಗೊನೆ ಎತ್ತುವ ಎರಡು ಬಿದಿರು ಕೋಲು ಕೊಟ್ಟಳು. ಸೂಗಪ್ಪ ಒಂದು ಕೋಲು, ಚಹಾದವನು ಇನ್ನೊಂದು ಕೋಲು ಹಿಡಿದು ರಿಬ್ಬನ್ನಿನ ನಡುಭಾಗವನ್ನು ಮೇಲಕ್ಕೆ ಎತ್ತಿದರು. ಅದು ಜಗ್ಗಿತು, ಹರಿಯಲಿಲ್ಲ. ಬಂಡೆಮ್ಮ ಉಸಿರು ಹಿಡಿದು ಆಟೊವನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಬಿಟ್ಟಳು. ಕೆಂಪು ಪಟ್ಟಿ ಗಾಡಿಯ ನೆತ್ತಿಯನ್ನು ಸವರಿತು.

“ಶುಭ ಮಂಗಲ ಸಾವಧಾನ!” ಎಂದು ಗುಂಪಿನಲ್ಲಿ ಯಾರೋ ಮದುವೆ ಮಾಡಿಸುವವರಂತೆ ಕೂಗಿದರು. ಇಡೀ ಬಸ್ ನಿಲ್ದಾಣ ಚಪ್ಪಾಳೆ ತಟ್ಟಿತು. ಬೀದರಿಗೆ ಹೊರಟಿದ್ದ ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ, ಏನೆಂದು ತಿಳಿಯದೆಯೇ ತಟ್ಟಿದರು.

ಸೂಗಪ್ಪ ಮುಸುಕಿನೊಳಗೆ ಕೈ ತೂರಿಸಿ, ತಡಕಾಡಿ ಕೇಬಲ್ ಹೊರಗೆಳೆದ. ಸಿಕ್ಕಿಸಿದ. ಹಳದಿ ಬಟ್ಟೆಯ ಹಿಂದೆ ಹಸಿರು ದೀಪ ಹತ್ತಿತು. ಮೀಟರಿನಲ್ಲಿ ಇಪ್ಪತ್ತೆಂಟು ಮೂಡಿದಾಗ ಬಂಡೆಮ್ಮನಿಗೆ ನಗು ಶುರುವಾಗಿ, ನಗು ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ನಿಲ್ಲಲು ಭಾಗಮ್ಮ ಅವಳ ಬಾಯಿಗೆ ಒಂದಿಡೀ ಬಾಳೆಹಣ್ಣು ತುರುಕಬೇಕಾಯಿತು.

ಮಧ್ಯಾಹ್ನ ಸನಾ ಫೋನು ಮಾಡಿದಳು: “ಎಷ್ಟಾತು?”

“ಎಂಬತ್ನಾಲ್ಕು, ಔಟಾಗಿಲ್ಲ!”

ಸಂಜೆ ಶಿಕ್ಷಕಿಯರು ಬಂದಾಗ ರಿಬ್ಬನ್ ಎತ್ತಲು ನಾಲ್ಕು ಕೋಲು, ಎಂಟು ಜನ ಸಿದ್ಧರಿದ್ದರು. ವಿಮಲಾಬಾಯಿ ತಾನೂ ಒಂದು ಕೋಲು ಹಿಡಿದಳು. ಹಿಂತಿರುಗುವಾಗ ಪ್ರತಿ ಇಳಿಜಾರಿಗೂ ಚೀರಾಟ ನಡೆಯಿತು, ಐಶ್ವರ್ಯಾ ದಾರಿಯುದ್ದಕ್ಕೂ ಎಚ್ಚರವಾಗಿದ್ದಳು. ಐದು ಐವತ್ತೆರಡಕ್ಕೆ ಸೇಡಂ ರಸ್ತೆಯಲ್ಲಿ, ತನ್ನ ಮನೆಯ ಗೇಟಿನ ಮುಂದೆ ವಿಮಲಾಬಾಯಿ ಕೊನೆಯವಳಾಗಿ ಇಳಿದಳು. ಆ ಡೀಸೆಲ್ ಗಾಡಿಯವನಿಗೆ ಅಲ್ಲಿಯೇ ನಿಂತು ಫೋನು ಮಾಡಿ, “ಬ್ಯಾಡಪ್ಪ, ನಮಗ ಗಾಡಿ ಸಿಕ್ಕದ” ಎಂದಳು.

ಉದ್ಘಾಟನೆಯ ತಾರೀಖು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಭಾನುವಾರ ಬಿಟ್ಟು ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಸೂಗಪ್ಪ ‘ಪ್ರಯೋಗ’ ಎಂದು ಬರೆದುಕೊಂಡು ರಿಬ್ಬನ್ ಎತ್ತುತ್ತಾನೆ, ಬಂಡೆಮ್ಮ ಗಾಡಿ ಒಳಗೆ ಬಿಡುತ್ತಾಳೆ.