ಹಕ್ಕಿ ಕಾಲಿನ ಉಂಗುರ

೧೯೮೭ರ ದಸರಾ ರಜೆ. ಆಗ ನಾನು ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪೂರ್ವ ಕರಾವಳಿಯ ಒಂದು ಪಕ್ಷಿ ಕೇಂದ್ರಕ್ಕೆ ಸ್ವಯಂಸೇವಕರು ಬೇಕೆಂದು ಪೇಪರಿನಲ್ಲಿ ನೋಡಿ ಕಾಗದ ಹಾಕಿದ್ದೆ. ಬಾ ಎಂದು ಬರೆದರು. ಪಾಮನಕಲ್ಲೂರಿನ ಎರೆಹೊಲಗಳಲ್ಲಿ ಬೆಳೆದ ನಾನು ಅಲ್ಲಿಯವರೆಗೆ ಸಮುದ್ರ ಕಂಡವನೇ ಅಲ್ಲ.

ಚಳಿಗಾಲ ಕಳೆಯಲು ಉತ್ತರದ ಸೀಮೆಗಳಿಂದ ಹಕ್ಕಿಗಳು ಬಂದಿಳಿಯುವ ಕಾಲ ಅದು. ಉಪ್ಪಿನ ಗದ್ದೆಗಳ ಪಕ್ಕದಲ್ಲಿ ಬಲೆ ಕಟ್ಟಿ ಅವುಗಳನ್ನು ಹಿಡಿಯುವುದು, ತೂಕ ಮಾಡುವುದು, ಕಾಲಿಗೆ ನಂಬರಿನ ಸಣ್ಣ ಅಲ್ಯೂಮಿನಿಯಂ ಉಂಗುರ ಹಾಕಿ ಹಾರಿಬಿಡುವುದು, ಇದೇ ಹದಿನೈದು ದಿನದ ಕೆಲಸ. ಆ ಉಂಗುರ ಮುಂದೆ ಎಲ್ಲಿಯಾದರೂ ಸಿಕ್ಕರೆ ಹಕ್ಕಿಯ ದಾರಿ ತಿಳಿಯುತ್ತದೆ. ಹೊರಡುವಾಗ ಶಿಬಿರದ ಹಿರಿಯರು, ನಿಮ್ಮ ಕಡೆ ಉಂಗುರ ಸಿಕ್ಕರೆ ಕಳಿಸಿ ಎಂದರು. ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ನನಗೆ ಅದೇ ಧ್ಯಾನ.

ಸಾಲಗುಂದದ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಇಂಥ ಹಕ್ಕಿಗಳು ಇಳಿಯುವುದನ್ನು ನೋಡಿದ್ದೆ. ಹಾಗಾಗಿ ಒಂದು ಭಾನುವಾರ ಅಲ್ಲಿಗೆ ಹೋಗಿ ಡಂಗುರ ಹೊಡೆಸಿದೆ. ಹಕ್ಕಿ ಕಾಲಿನಲ್ಲಿ ಉಂಗುರ ಕಂಡವರು ಮಸ್ಕಿಯ ಮಾಸ್ತರಿಗೆ ತಂದುಕೊಡಬೇಕು, ಹೆಸರು ದೊಡ್ಡ ಕಚೇರಿಗೆ ಹೋಗುತ್ತದೆ ಎಂದು ಸಾರಿಸಿದೆ. ಬಹಳ ಶಾಣ್ಯಾತನದ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಮೂರು ವಾರಕ್ಕೆ ಹನುಮಪ್ಪ ಎಂಬವನು ಶಾಲೆಗೇ ಬಂದ. ಗದ್ದೆಗೆ ನೀರು ಹಾಯಿಸುವ ಆಳು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ಸಿಂಧನೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದ. ಒಗೆದ ಅಂಗಿಯ ಜೇಬಿನಿಂದ ಕಾಗದದ ಪುಡಿಕೆ ತೆಗೆದು ಟೇಬಲ್ ಮೇಲಿಟ್ಟ. ಬಿಚ್ಚಿದರೆ ಕಡ್ಡಿಯಂಥ ಒಂದು ಕಾಲು, ಅದರಲ್ಲಿ ಉಂಗುರ. ನಿಜ ಹೇಳುತ್ತೇನೆ, ಮೊದಲು ನನಗೆ ಖುಷಿಯೇ ಆಯಿತು. ನಂಬರು ಬರೆದುಕೊಂಡೆ, ಅವನಿಗೆ ಚಹಾ ತರಿಸಿದೆ. ಆಮೇಲೆ, ಹಕ್ಕಿ ಎಲ್ಲಿ ಸತ್ತು ಬಿದ್ದಿತ್ತು ಎಂದು ಕೇಳಿದೆ.

"ಸತ್ತಿದ್ದಿಲ್ರಿ ಸರ್. ಬಲಿ ಹಾಕಿ ಹಿಡದೆ. ಉಂಗುರ ತೆಗಿಯಾಕ ಬರ್ಲಿಲ್ರಿ, ಕಾಲು ಕೊಯ್ದೆ."

ನನಗೆ ಸಿಟ್ಟು ಬಂತು. ಬುದ್ಧಿ ಇಲ್ಲವೇನು, ಜೀವ ಇರುವ ಹಕ್ಕಿಯ ಕಾಲು ಕೊಯ್ಯುವುದೆ ಎಂದು ಬೈದೆ. ಅವನು ಚಹಾದ ಕಪ್ಪು ಕೆಳಗಿಟ್ಟ.

"ಉಂಗುರ ತಂದುಕೊಡ್ರಿ ಅಂತ ಡಂಗುರ ಹೊಡಿಸಿದವ್ರು ನೀವು. ಹಕ್ಕಿ ಹಿಡಿಬ್ಯಾಡ್ರಿ ಅಂತ ಹೊಡಿಸಲಿಲ್ಲಲ್ರಿ. ನಾ ಒಬ್ಬನ ಅಲ್ಲ, ಊರಾಗ ನಾಕೈದು ಮಂದಿ ಬಲಿ ಹಾಕ್ಯಾರ."

ಉಂಗುರವಿಲ್ಲದವು ಎಷ್ಟು ಸಿಕ್ಕವು, ಅವು ಏನಾದವು ಎಂದು ಕೇಳುವ ಧೈರ್ಯವಾಗಲಿಲ್ಲ. ಅಂದು ಸಂಜೆಯೇ ಅವನ ಜೊತೆ ಹೋಗಿ, ಯಾರೂ ಹಕ್ಕಿ ಹಿಡಿಯಬಾರದೆಂದು ಇನ್ನೊಂದು ಡಂಗುರ ಹೊಡೆಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಉಂಗುರದ ಜೊತೆ ಕಳಿಸುವ ಫಾರಂನಲ್ಲಿ 'ಹಕ್ಕಿ ಹೇಗೆ ಸಿಕ್ಕಿತು' ಎಂಬ ಒಂದು ಸಾಲು ಇತ್ತು. ಖರೆ ಬರೆದರೆ ಡಂಗುರದ ಕಥೆಯನ್ನೂ ಬರೆಯಬೇಕು. ಬರೆದರೆ ಮುಂದಿನ ವರ್ಷ ನನ್ನನ್ನು ಯಾರು ಕರೆಯುತ್ತಾರೆ? ನನಗೆ ಮತ್ತೆ ಅಲ್ಲಿಗೆ ಹೋಗಬೇಕಿತ್ತು, ಬಹಳ ಆಸೆಯಿತ್ತು. 'ಗದ್ದೆಯಲ್ಲಿ ಸತ್ತು ಬಿದ್ದಿತ್ತು' ಎಂದು ಬರೆದು, ಹನುಮಪ್ಪನ ಹೆಸರು ಹಾಕಿ ಅಂಚೆಗೆ ಹಾಕಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಆ ಉಂಗುರ ಹಾಕಿದ್ದು ಅದೇ ಕರಾವಳಿಯಲ್ಲಿ, ನಾನು ಹೋಗುವುದಕ್ಕೂ ಹಿಂದಿನ ವರ್ಷ. ನಡುವೆ ಹಕ್ಕಿ ಸೈಬೀರಿಯಾದವರೆಗೆ ಹೋಗಿ ಮರಳಿರಬಹುದು ಎಂದು ಬರೆದಿದ್ದರು. ಸತ್ತ ಹಕ್ಕಿಯ ಉಂಗುರವನ್ನು ಜೋಪಾನ ಮಾಡಿ ಕಳಿಸಿದ ಇಬ್ಬರಿಗೂ ವಂದನೆ ಹೇಳಿದ್ದರು. ಸಾಲಗುಂದಕ್ಕೆ ಹೋಗಿ ಹನುಮಪ್ಪನಿಗೆ ಓದಿ ಹೇಳಿದೆ. ಹೆಸರು ಬಂದಿದೆಯಲ್ಲ, ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಸೈಬೀರಿಯಾ ಎಷ್ಟು ದೂರ ಎಂದು ಕೇಳಿದ. ರೈಲಿನಲ್ಲಿ ಹೋದರೂ ವಾರಗಟ್ಟಲೆ ಬೇಕು ಎಂದೆ. ಕಾಗದವನ್ನು ಇನ್ನೊಮ್ಮೆ ಓದಿಸಿದ.

"ಸತ್ತು ಬಿದ್ದಿತ್ತು ಅಂತ ಯಾಕ ಬರದ್ರಿ ಸರ್? ನನ್ನ ಕೈಯಾಗ ಒದ್ದಾಡಿ ಸತ್ತೈತಿ ಅದು. ಅಷ್ಟು ದೂರ ಹೋಗಿ ಬಂದ ಜೀವ. ಹೆಂಗ ಸತ್ತಿತು ಅನ್ನೋದಾದ್ರೂ ಖರೆ ಬರೀರಿ."

ಅವನ ಕಟ್ಟೆಯ ಮೇಲೆಯೇ ಕುಳಿತು ಎರಡನೆಯ ಕಾಗದ ಬರೆದೆ. ಡಂಗುರದ ಮಾತು, ಬಲೆಯ ಮಾತು, ನಾನು ಮೊದಲು ಬರೆದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಹನುಮಪ್ಪ ಅದನ್ನು ನನ್ನಿಂದ ಓದಿಸಿಕೊಂಡು, ತನ್ನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದ. ಕೆಳಗೆ ನಾನು ಸಹಿ ಮಾಡಿ ಅಂಚೆಗೆ ಹಾಕಿದೆ.

ಮುಂದಿನ ದಸರೆಗೆ ನನಗೆ ಕರೆ ಬರಲಿಲ್ಲ, ಆಮೇಲೂ ಬರಲಿಲ್ಲ. ಬೇಸರವಾಯಿತು, ಆದರೆ ಅದು ಹೋಯಿತು. ಹೋಗದೆ ಉಳಿದದ್ದು ನಾಚಿಕೆ. ತಾನು ಮಾಡಿದ್ದನ್ನು ತಾನೇ ಮಾಡಿದ್ದು ಎನ್ನಲು ಆ ಮನುಷ್ಯನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನನಗೆ ಎರಡು ತಿಂಗಳು ಬೇಕಾಯಿತು, ಅದೂ ಅವನು ಹೇಳಿದ ಮೇಲೆ.