ಚಿಕ್ಕತಾಯಕ್ಕ ಬಡಿದ ಚಿಲಕ

ಚಿಕ್ಕತಾಯಕ್ಕನ ಎಡಗೈ ತುಂಬ, ಮಣಿಕಟ್ಟಿನಿಂದ ಮೊಣಕೈವರೆಗೆ, ಹಲ್ಲಿನ ಗುರುತುಗಳಿದ್ದವು. ಯಾರಾದರೂ ನೋಡಿ ಅಯ್ಯೋ ಅಂದರೆ ಸೆರಗು ಮುಚ್ಚಿಕೊಳ್ಳುವ ಹೆಂಗಸಲ್ಲ ಅವಳು. ಕೈಯನ್ನು ಅವರ ಮೂಗಿನ ಹತ್ತಿರಕ್ಕೇ ಒಯ್ದು, "ನಿಮ್ಗೆಲ್ಲ ಕೊರವಂಜಿ ಅಚ್ಚೆ ಉಯ್ದವ್ಳೆ. ನಂಗೆ ನನ್ ಮಗ್ಳೇ ಉಯ್ದವ್ಳೆ. ಏನೀಗ?" ಎನ್ನುತ್ತಿದ್ದಳು.

ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣ ಕಾಳಾಚಾರಿಯ ಹೆಂಡತಿ. ಕಿರಂಗೂರಿನಲ್ಲಿ ನಮ್ಮದು ಕುಲುಮೆ ಕೆಲಸದ ಮನೆ. ಗಂಡಸರು ಕಬ್ಬಿಣ ಬಡಿದರೆ ತಿದಿ ಒತ್ತುವುದು ನಮ್ಮಿಬ್ಬರ ಪಾಲು. ಅವಳ ಒಬ್ಬಳೇ ಮಗಳು ನಂಜಿಗೆ ಮೂರನೆಯ ವರ್ಷದಲ್ಲಿ ಮೂರ್ಛೆ ಶುರುವಾಯಿತು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದು ಬೀಳುತ್ತಿತ್ತು. ಬೆಳೆಯುತ್ತ ಸಿಟ್ಟೂ ಬೆಳೆಯಿತು. ಕಚ್ಚುವಳು, ಕಲ್ಲು ಬೀಸುವಳು, ಬಾಗಿಲು ತೆರೆದಿದ್ದರೆ ಹೊಳೆಯ ಕಡೆಗೆ ಓಡುವಳು.

ಇದಕ್ಕೆ ನಮ್ಮ ಜನಕ್ಕೆ ಗೊತ್ತಿದ್ದ ಮದ್ದು ಎರಡೇ. ಬಿದ್ದಾಗ ಕೈಗೆ ಕಬ್ಬಿಣ ಕೊಡುವುದು, ಎದ್ದ ಮೇಲೆ ಮೈಗೆ ಬರೆ ಹಾಕುವುದು. ಬರೆ ಕಡ್ಡಿ ಇದ್ದದ್ದೂ ನಮ್ಮ ಕುಲುಮೆಯಲ್ಲೇ, ಮಾವನವರ ಕಾಲದ್ದು. ಸುತ್ತಲ ಹಳ್ಳಿಯವರು ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೇ ಬರುತ್ತಿದ್ದರು. ನಂಜಿಗೂ ಹಾಕಿದೆವು. ಭಾವ ಕಡ್ಡಿ ಹಿಡಿದರು, ಚಿಕ್ಕತಾಯಕ್ಕ ತಿದಿ ಒತ್ತಿದಳು, ಮಗುವಿನ ಕಾಲು ಹಿಡಿದವಳು ನಾನು. ಬೇರೆಯವರ ಮೇಲೆ ಹಾಕಿ ಜಾರಿಕೊಳ್ಳುವ ಹಾಗಿಲ್ಲ, ಈ ಎರಡು ಕೈಗಳೇ. ಹೊಟ್ಟೆಯ ಮೇಲಿನ ಗಾಯ ಕೀವಾಗಿ ಮಗು ಒಂದು ತಿಂಗಳು ನರಳಿತು. ಮೂರ್ಛೆ ಮಾತ್ರ ನಾಲ್ಕನೆಯ ದಿನವೇ ಬಂತು.

ಅಲ್ಲಿಂದ ಮುಂದೆ ಚಿಕ್ಕತಾಯಕ್ಕ ಯಾರ ಮಾತನ್ನೂ ಕೇಳಲಿಲ್ಲ. ನಂಜಿ ಮೂಗು ಉಜ್ಜಿಕೊಳ್ಳಲು ಶುರುಮಾಡಿದರೆ ಮೂರ್ಛೆ ಬರುತ್ತದೆ ಎಂಬುದನ್ನು ಅವಳೇ ನೋಡಿ ನೋಡಿ ಕಂಡುಕೊಂಡಳು. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ, ಮಗುವನ್ನು ಮಗ್ಗುಲಿಗೆ ಮಲಗಿಸಿ, ಸೆರಗನ್ನು ತಲೆಯಡಿಗೆ ಮಡಿಸಿಟ್ಟು ಕಾದು ಕೂರುತ್ತಿದ್ದಳು. ಯಾರಾದರೂ ಬೀಗದ ಕೈ ತಂದರೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಕುಲ್ಮೇಲಿ ಉಟ್ಟಿರೋ ಮಗ ಇದು. ಕಬ್ಣದಲ್ಲಿ ವಾಸಿಯಾಗಂಗಿದ್ರೆ ಇವ್ಳಿಗೆ ಬತ್ತಲೇ ಇರ್ಲಿಲ್ಲ. ನಡೀರಿ ಅತ್ಲಾಗೆ, ಗಾಳಿ ಬುಡಿ!" ಸಿಟ್ಟು ಬಂದಾಗ ನಂಜಿಯ ಮುಂದೆ ಒಂದು ಬುಟ್ಟಿ ಇದ್ದಿಲು ಸುರಿಯುತ್ತಿದ್ದಳು. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ ಆರಿಸುತ್ತ ಆರಿಸುತ್ತ ಹುಡುಗಿ ತಣ್ಣಗಾಗುತ್ತಿತ್ತು.

ಒಮ್ಮೆ ಬಾವಿಯ ಹತ್ತಿರ ನಂಜಿ ಬೀಸಿದ ಕಲ್ಲಿಗೆ ಗೌಡರ ಹೆಂಡತಿಯ ಮಡಕೆ ಒಡೆಯಿತು. ಆಕೆ, "ಇದ್ನ ಕಂಬಕ್ಕೆ ಕಟ್ಟಾಕಬಾರ್ದಾ?" ಎಂದರು. ಚಿಕ್ಕತಾಯಕ್ಕ ತನ್ನ ತಲೆಯ ಮೇಲಿದ್ದ ತುಂಬಿದ ಮಡಕೆಯನ್ನು ಇಳಿಸಿ ಆಕೆಯ ಮುಂದಿಟ್ಟಳು. "ಕಟ್ಟಾಕಕ್ಕೆ ಅವ್ಳು ನಿಮ್ಮಟ್ಟಿ ಕರ ಅಲ್ಲ ಕಣವ್ವಾ. ಮಡ್ಕೆ ತಕ್ಕೊಳ್ಳಿ" ಎಂದು ಬರಿಗೈಯಲ್ಲಿ ಮನೆಗೆ ಬಂದಳು. ಅವತ್ತು ನಮ್ಮ ಮನೆಗೆ ನೀರಿರಲಿಲ್ಲ. ನಾನು ಗೊಣಗಿದೆ, ಅದೂ ನಿಜ.

ಒಂದು ಬೆಳಿಗ್ಗೆ ಅಕ್ಕಿಹೆಬ್ಬಾಳಿನಿಂದ ಒಬ್ಬ ತನ್ನ ಮೂರ್ಛೆಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ. ಊರಗೌಡರೇ ಕರೆತಂದು, ಕುಲುಮೆಯ ಮುಂದೆ ಕುಳಿತು, "ಕಾಳಾಚಾರಿ, ಕಡ್ಡಿ ಕಾಯ್ಸ್ಲಾ" ಎಂದರು. ಭಾವ ತಲೆ ತಗ್ಗಿಸಿದರು. ಚಿಕ್ಕತಾಯಕ್ಕ ತಾನೇ ಕಡ್ಡಿಯನ್ನು ಬೆಂಕಿಗಿಟ್ಟು ತಿದಿ ಒತ್ತಿದಳು. ಬುದ್ಧಿ ಬಂತು ಅಂದುಕೊಂಡೆವು. ಕಡ್ಡಿ ಕೆಂಪಾದ ಮೇಲೆ ಆ ತಂದೆಯ ಕಡೆ ತಿರುಗಿ, "ಅಣ್ಣಾ, ಕೈ ಚಾಚು. ಮೊದ್ಲು ನಿಂಗೊಂದು ಆಕ್ತೀನಿ. ಕಿರುಚ್ದೆ ಇದ್ರೆ ಮಗೀಗೆ ಆಕಾನ" ಎಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನೀನೇ ಇಂದಕ್ಕೋಯ್ತಿಯಲ್ಲಪ್ಪ, ಅದು ಎಲ್ಲಿಗೋದಾತು?" ಎಂದವಳೇ ಸುತ್ತಿಗೆ ಎತ್ತಿಕೊಂಡಳು.

ನಮ್ಮ ಮನೆಯಲ್ಲಿ ಹೆಂಗಸರು ಸುತ್ತಿಗೆ ಮುಟ್ಟುವಂತಿರಲಿಲ್ಲ. ಗೌಡರು ಎದ್ದು ನಿಂತು, "ಆ ಕಡ್ಡಿ ಕೆಡುಸುದ್ರೆ ಊರ್ ಕೆಲಸ್ವೆಲ್ಲ ಇರೋಡೆ ಕುಲ್ಮೆಗೆ ಓಯ್ತದೆ ನೋಡು" ಎಂದರು. ಹಿರೋಡೆ ದೂರವೇನಿಲ್ಲ, ಹೋದರೆ ನಮ್ಮ ಅನ್ನವೇ ಹೋಗುತ್ತಿತ್ತು. ಆಗ ಭಾವ ಎದ್ದರು. ಹೊಡೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಆ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟಿದ್ದರು. "ಬಡಿಯಮ್ಮಿ" ಎಂದರು. ಅವಳು ಬಡಿದಳು. ಸೊಟ್ಟಗೆ, ಒರಟಾಗಿ ಒಂದು ಚಿಲಕವಾಯಿತು. ನಂಜಿ ಹೊಳೆಗೆ ಓಡದಂತೆ ಅದನ್ನೇ ಬಾಗಿಲಿಗೆ, ಒಳಗಿನಿಂದಲೂ ಹೊರಗಿನಿಂದಲೂ ಭದ್ರಮಾಡಲು ಬರುವಂತೆ, ಅವಳ ಕೈಗೆ ಎಟುಕದಷ್ಟು ಎತ್ತರಕ್ಕೆ ಹಾಕಿದರು. ಅರ್ಧ ಊರು ನಮ್ಮನ್ನು ಬಿಟ್ಟು ಹಿರೋಡೆಗೆ ಹೋಯಿತು. ನಾವು ಅರೆಹೊಟ್ಟೆ ಉಂಡೆವು.

ಪಟ್ಟಣದ ಕೋಟೆ ಬಿಳಿಯರ ದಂಡಿನ ಕೈಗೆ ಬಿದ್ದ ವರ್ಷ ಅದು. ಅಣ್ಣತಮ್ಮಂದಿರಿಬ್ಬರನ್ನೂ ಲಾಳದ ಕೆಲಸಕ್ಕೆ ಕೋಟೆಯೊಳಗೆ ಕರೆದುಕೊಂಡು ಹೋಗಿದ್ದರು. ದಂಡು ಬರುತ್ತದೆ ಎಂದು ಊರು ಗಾಡಿ ಕಟ್ಟಿತು. ನಾನು ನನ್ನ ಎರಡು ಮಕ್ಕಳೊಂದಿಗೆ ಹತ್ತಿದೆ. ಚಿಕ್ಕತಾಯಕ್ಕ ನಂಜಿಯನ್ನು ಎತ್ತಿ ಕೂರಿಸಲು ಬಂದಾಗ ಗೌಡರು ಅಡ್ಡ ನಿಂತರು. "ಆ ಉಡ್ಗಿ ಕಿರುಚುದ್ರೆ ಕುದ್ರೆಯವರಿಗೆ ಎಲ್ರೂ ಸಿಕ್ಕಾಕ್ಕೋತೀವಿ. ಅದು ಗಾಡೀಗೆ ಬ್ಯಾಡ." ಆ ಗಾಡಿಯ ಚಕ್ರ ಕಳಚದಂತೆ ಹಿಡಿದಿದ್ದ ಕಡಾಣಿಯನ್ನು ಬಡಿದವನು ಅವಳ ಗಂಡ, ಅದಕ್ಕೆ ತಿದಿ ಒತ್ತಿದವಳು ಅವಳು. ಇದನ್ನು ಯಾರಾದರೂ ಹೇಳಬೇಕಿತ್ತು. ಗಾಡಿ ತುಂಬ ಜನರಿದ್ದೆವು. ನಾನೂ ಇದ್ದೆ. ಒಬ್ಬರೂ ಬಾಯಿ ಬಿಡಲಿಲ್ಲ.

ಅವಳು ನನ್ನನ್ನು ನೋಡಿದಳು. "ನೀ ಓಗವ್ವಾ, ನಿನ್ ಮಕ್ಳವ್ರೆ. ನಾವು ನಾಗಮಂಗಲದ ದಾರೀಲಿ ನಮ್ಮವ್ವನ ಮನೆಗೆ ನಡ್ಕೊಂಡು ಓಯ್ತೀವಿ" ಎಂದಳು. ಹಲ್ಲಿನ ಗುರುತಿನ ಆ ಕೈಯನ್ನು ನಂಜಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ನಾವು ಊರಿಗೆ ತಿರುಗಿ ಬಂದಾಗ ಬಾಗಿಲು ಹೊರಗಿನಿಂದ ಭದ್ರವಾಗಿತ್ತು, ಅವಳೇ ಬಡಿದ ಚಿಲಕದಲ್ಲಿ. ತವರಿಗೆ ಅವಳು ಮುಟ್ಟಲೇ ಇಲ್ಲವಂತೆ. ನನ್ನ ಗಂಡನ ಜೊತೆ ಕೋಟೆಯಿಂದ ಬಂದ ಭಾವ ಅವರನ್ನು ಹುಡುಕಿಕೊಂಡು ಅದೇ ದಾರಿಯಲ್ಲಿ ಹೋದರು, ಅವರೂ ಬರಲಿಲ್ಲ.

ಬರೆ ಕಡ್ಡಿ ಕೇಳಿಕೊಂಡು ಈಗಲೂ ಜನ ಬರುತ್ತಾರೆ. ನಾನು ಬಾಗಿಲ ಚಿಲಕ ತೋರಿಸುತ್ತೇನೆ. "ಅಗೋ, ಅಲ್ಲಿ ಅದೆ, ಕಿತ್ಕೊಂಡು ಓಗಿ" ಎನ್ನುತ್ತೇನೆ. ಇವತ್ತಿನವರೆಗೆ ಯಾರೂ ಅದಕ್ಕೆ ಕೈ ಹಾಕಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತಿರುತ್ತೇನೆ. ಅವತ್ತು ಗಾಡಿಯಿಂದ ಇಳಿದು ನಿಲ್ಲಬೇಕಾಗಿತ್ತು.